ಹಳೆ ಬೆಂಜಾ, ಬೀಟಲ್ಲಾ, ಬಿಎಂಡಬ್ಲ್ಯೂವಾ? ಕರಾವಳಿಯಲ್ಲಿ ಜರ್ಮನ್ ಕಾರು ಕೊಳ್ಳುವವರಿಗೆ

ಹದಿನೈದು ವರ್ಷದ ಹಿಂದೆ ನಮ್ಮ ಕಟಪಾಡಿ ಕಡೆ ಯಾರಾದರೂ ಹಳೆ ಬೆಂಜ್ ಮಾರುತ್ತೇನೆ ಅಂದರೆ ಮೊದಲು ಬರುತ್ತಿದ್ದವರು ಗುಜರಿಯವರು. ಕಬ್ಬಿಣದ ತೂಕದ ಲೆಕ್ಕದಲ್ಲಿ ಬೆಲೆ ಕಟ್ಟುತ್ತಿದ್ದರು. ಈಗ ಅಂಥದ್ದೇ ಕಾರಿನ ಫೋಟೊ ವಾಟ್ಸಾಪಿನಲ್ಲಿ ಓಡಾಡಿದ ಸಂಜೆಯೇ ಬೆಂಗಳೂರಿನಿಂದ, ಕೊಚ್ಚಿಯಿಂದ ಫೋನ್ ಬರುತ್ತದೆ. ಕೆಲವರು ಕಾರನ್ನು ನೋಡುವ ಮೊದಲೇ ಅಡ್ವಾನ್ಸ್ ಹಾಕಲು ತಯಾರು.

ನಮ್ಮ ಊರಿನ ಹುಡುಗರೂ ಕೇಳುತ್ತಾರೆ. "ಅಣ್ಣಾ, ಒಂದು ಹಳೆ ಬೆಂಜ್ ಉಂಟು, ತಗೊಳ್ಳಬಹುದಾ? ಬೆಲೆ ಏರ್ತದಲ್ವಾ?" ಅಂತ. ಈ ಬರಹ ಅವರಿಗಾಗಿ. ನನ್ನ ಹತ್ತಿರ 1983ರ ಬೆಂಜ್ 240ಡಿ ಇದೆ. ಮಾವ ಮುಂಬೈಯಲ್ಲಿ ಹೋಟೆಲ್ ನಡೆಸುತ್ತಿದ್ದಾಗ ಕೊಂಡದ್ದು. ವಿದೇಶಿ ಕಚೇರಿಯೊಂದು ಬಳಸಿ ಬಿಟ್ಟ ಕಾರು, ಸರ್ಕಾರಿ ಸಂಸ್ಥೆ ಎಸ್‌ಟಿಸಿ (ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್) ಮೂಲಕ ಮಾರಾಟವಾದದ್ದು. ಅದು ನನ್ನ ಕೈಗೆ ಬರುವ ಮೊದಲು ನಾನೇ ಒಂದು 300ಡಿ ಕೊಂಡಿದ್ದೆ. ಅದರ ಕಥೆ ಮುಂದೆ ಹೇಳುತ್ತೇನೆ, ಯಾಕೆಂದರೆ ಈ ಬರಹದ ಅರ್ಧ ಪಾಠ ಕಲಿತದ್ದು ಆ ಕಾರಿನಿಂದ.

ನನ್ನ ಮಾತು ಇಷ್ಟೇ. ಕರಾವಳಿಯಲ್ಲಿ ಹಳೆ ಜರ್ಮನ್ ಕಾರಿನ ಬೆಲೆಯನ್ನು ತೀರ್ಮಾನಿಸುವುದು ಇಂಜಿನ್ ಅಲ್ಲ, ಮಾಡೆಲ್ ಕೂಡ ಅಲ್ಲ. ತಳದ ತಗಡು ಮತ್ತು ಕೈಯಲ್ಲಿರುವ ಕಾಗದ. ಯಾವ ಕಾರು ಅನ್ನುವ ಪ್ರಶ್ನೆ ಅದಾದ ಮೇಲೆ.

ಬೆಲೆ ಯಾಕೆ ಏರಿತು

ಈ ಕಾರುಗಳು ಮತ್ತೆ ತಯಾರಾಗುವುದಿಲ್ಲ. ಗಾಳಿಯಿಂದ ತಣಿಯುವ ಇಂಜಿನ್‌ನ ಪೋರ್ಷೆ 911 ಕೊನೆಗೊಂಡದ್ದು 1998ರಲ್ಲಿ. ಅದರ ನಂತರದವು ನೀರಿನಿಂದ ತಣಿಯುವ ಇಂಜಿನ್‌ನವು. ಹಳೆಯದರ ಸದ್ದು ಬೇಕು ಅನ್ನುವವರಿಗೆ ಇರುವ ಕಾರುಗಳಷ್ಟೇ ಗತಿ. ಜರ್ಮನಿಯಲ್ಲಿ 1997ರಿಂದ 30 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರುಗಳಿಗೆ 'ಹೆಚ್' ಅಕ್ಷರದ ವಿಶೇಷ ನಂಬರ್ ಪ್ಲೇಟ್ ಕೊಡುತ್ತಾರೆ. ಅಮೆರಿಕದಲ್ಲಿ 25 ವರ್ಷ ದಾಟಿದ ಹೊರದೇಶದ ಕಾರಿಗೆ ಅಲ್ಲಿನ ಸುರಕ್ಷತಾ ನಿಯಮದಿಂದ ವಿನಾಯಿತಿ ಇದೆ. ಹಾಗಾಗಿ ಒಂದು ಮಾಡೆಲ್‌ಗೆ 25 ತುಂಬುವ ಹೊತ್ತಿಗೆ ಅಲ್ಲಿಂದಲೂ ಗಿರಾಕಿಗಳು ಬರುತ್ತಾರೆ. ಜೊತೆಗೆ, ಚಿಕ್ಕವರಿದ್ದಾಗ ಆ ಕಾರನ್ನು ಗೇಟಿನ ಹೊರಗೆ ನಿಂತು ನೋಡಿದವರ ಕೈಯಲ್ಲಿ ಈಗ ದುಡ್ಡು ಓಡಾಡುತ್ತಿದೆ.

ಭಾರತದ ಲೆಕ್ಕ ಸ್ವಲ್ಪ ಬೇರೆ. ಮೂರು ವರ್ಷಕ್ಕಿಂತ ಹಳೆಯ, ಬಳಸಿದ ಕಾರನ್ನು ಸಾಮಾನ್ಯವಾಗಿ ಇಲ್ಲಿಗೆ ತರಲು ಬಿಡುವುದಿಲ್ಲ. ಅಂದರೆ 80-90ರ ದಶಕದ ಜರ್ಮನ್ ಕಾರು ನಮ್ಮಲ್ಲಿ ಇರುವುದೇ ಇಷ್ಟು, ಇನ್ನು ಕಡಿಮೆಯಾಗುವುದು ಮಾತ್ರ. ಪ್ರತಿ ಮಳೆಗಾಲ ಕೆಲವನ್ನು ತಿಂದು ಹಾಕುತ್ತದೆ. ಉಳಿದದ್ದಕ್ಕೆ ಬೆಲೆ ಬರುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. 2022ರ ಮೇ ತಿಂಗಳಲ್ಲಿ 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕೂಪೆ ಒಂದು 13.5 ಕೋಟಿ ಯೂರೋಗೆ ಮಾರಾಟವಾಯಿತು. ಅಂಥವು ಇರುವುದು ಎರಡೇ. ಬೆಂಜ್ 190ರಲ್ಲಿ 'ಎವಲ್ಯೂಷನ್ 2' ಅನ್ನುವ ರೇಸಿನ ತಳಿ ತಯಾರಾದದ್ದು 502 ಮಾತ್ರ. ಸಾಮಾನ್ಯ 190 ಹದಿನೆಂಟು ಲಕ್ಷಕ್ಕೂ ಜಾಸ್ತಿ ತಯಾರಾದವು. ಸುದ್ದಿಯಾಗುವುದು ಮೊದಲಿನ ಜಾತಿ, ನಮ್ಮ ಕೈಗೆ ಸಿಗುವುದು ಎರಡನೆಯದು. ಎರಡನೆಯದರ ಬೆಲೆಯೂ ಏರಿದೆ, ಆದರೆ ಚೆನ್ನಾಗಿರುವ ಕಾರಿಗೆ ಮಾತ್ರ. ಒಂದೇ ವರ್ಷದ, ಒಂದೇ ಮಾಡೆಲ್‌ನ ಎರಡು ಕಾರುಗಳ ನಡುವೆ ಮೂರು ಪಟ್ಟು ಬೆಲೆ ವ್ಯತ್ಯಾಸವನ್ನು ನಾನೇ ನೋಡಿದ್ದೇನೆ. ಕಡಿಮೆ ಬೆಲೆಯದ್ದನ್ನು ಕೊಂಡು ಸರಿ ಮಾಡಿಸಿದರೆ ಲಾಭ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲು ತಳ ನೋಡಿ

ಆ 300ಡಿ ಬಂದದ್ದು ಬೇರೆ ರಾಜ್ಯದ ಒಬ್ಬ ಮಾರಾಟಗಾರರಿಂದ. ಕಡು ನೀಲಿ ಬಣ್ಣ, ಹೊಸ ಪೇಂಟ್, ತಳಕ್ಕೆಲ್ಲ ಕಪ್ಪು ಕೋಟಿಂಗ್ ಹೊಡೆದು ಹೊಳೆಯುತ್ತಿತ್ತು. ಇಂಜಿನ್ ಗಡಿಯಾರದ ಹಾಗೆ ಓಡುತ್ತಿತ್ತು. ಜೂನ್‌ನಲ್ಲಿ ಮಂಗಳೂರಿನಿಂದ ವಾಪಸ್ ಬರುತ್ತಿದ್ದೆ. ಪಡುಬಿದ್ರಿ ದಾಟಿದಾಗ ಜೋರು ಮಳೆ. ಬಲಗಾಲು ಒದ್ದೆಯಾಯಿತು. ಬಾಗಿಲಿನಿಂದ ನೀರು ಅಂದುಕೊಂಡೆ. ಮನೆಗೆ ಬಂದು ಮ್ಯಾಟ್ ಎತ್ತಿದೆ, ಅದರ ಕೆಳಗಿನ ಕಾರ್ಪೆಟ್ ಎತ್ತಿದೆ. ತಗಡಿನಲ್ಲಿ ಅಂಗೈ ಅಗಲದ ತೂತು. ಅದಕ್ಕೆ ನ್ಯೂಸ್‌ಪೇಪರ್ ತುರುಕಿ, ಮೇಲೆ ಪುಟ್ಟಿ ಎಳೆದು, ಅದರ ಮೇಲೆ ಕಪ್ಪು ಕೋಟಿಂಗ್ ಬಳಿದಿದ್ದರು. ಪೇಪರ್ ಒದ್ದೆಯಾಗಿ ಮುದ್ದೆಯಾಗಿತ್ತು. ಬೆರಳಿನಿಂದ ಎಳೆದರೆ ಹಿಂದಿ ಅಕ್ಷರಗಳು ಇನ್ನೂ ಓದಲು ಬರುತ್ತಿದ್ದವು.

ಟಿಂಕರಿಂಗ್‌ಗೆ ಕೊಟ್ಟೆ. ಬೈಕಂಪಾಡಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಕಾರನ್ನು ಮೇಲೆತ್ತಿ ಟಾರ್ಚ್ ಹಿಡಿದು ಐದು ನಿಮಿಷ ಮಾತಾಡದೆ ನೋಡಿದರು. ಆಮೇಲೆ ಹೇಳಿದರು: "ಇಂಜಿನ್‌ಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ. ಆದ್ರೆ ಅದನ್ನು ಇಡ್ಲಿಕ್ಕೆ ಕಾರೇ ಇಲ್ಲ." ಒಂದು ಜಾಗ ಕತ್ತರಿಸಿದರೆ ಪಕ್ಕದ್ದೂ ಪುಡಿಯಾಗುತ್ತಿತ್ತು. ವೆಲ್ಡಿಂಗ್ ಹಿಡಿಯಲು ಗಟ್ಟಿ ತಗಡೇ ಇರಲಿಲ್ಲ. ಕೊನೆಗೆ ಆ ಕಾರಿನ ಇಂಜಿನ್, ಗೇರ್‌ಬಾಕ್ಸ್, ಸೀಟು, ಗಾಜು ಬೇರೆ ಬೇರೆ ಕಾರುಗಳಿಗೆ ಹೋದವು. ನನಗೆ ತುಂಬ ನೋವಾಯಿತು.

ನಮ್ಮಲ್ಲಿ ಸಮುದ್ರದ ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ, ಮಳೆ ಬಿಟ್ಟ ಮೇಲೂ ಹೋಗದ ತೇವ. ಇಂಜಿನ್ ರಿಪೇರಿಗೆ ಒಂದು ಮಿತಿ ಇದೆ: ಪಿಸ್ಟನ್, ರಿಂಗ್, ಬೇರಿಂಗ್, ಅಷ್ಟರಲ್ಲಿ ಮುಗಿಯುತ್ತದೆ. ತುಕ್ಕಿಗೆ ಮಿತಿ ಇಲ್ಲ.

ಹೋಗುವಾಗ ಜೊತೆಗೆ ಮೂರು ಸಾಮಾನು ಒಯ್ಯಿರಿ: ಫ್ರಿಜ್ಜಿಗೆ ಅಂಟಿಸುವ ತೆಳು ಮ್ಯಾಗ್ನೆಟ್, ಟಾರ್ಚ್, ಹಿಡಿಕೆ ಗಟ್ಟಿ ಇರುವ ಸ್ಕ್ರೂಡ್ರೈವರ್. ಮ್ಯಾಗ್ನೆಟ್ಟನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮಡ್‌ಗಾರ್ಡ್‌ನ ಅಂಚು, ಬಾಗಿಲ ಕೆಳಭಾಗ, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಸಿಲ್, ಚಕ್ರದ ಕಮಾನು ಇಲ್ಲೆಲ್ಲ ಇಟ್ಟು ನೋಡಿ. ಹಿಡಿಯದಿದ್ದರೆ ಅಲ್ಲಿ ಪುಟ್ಟಿ ಇದೆ. ಸ್ಕ್ರೂಡ್ರೈವರ್‌ನ ಹಿಡಿಕೆಯಿಂದ ಜಾಕ್ ಕೊಡುವ ಜಾಗಕ್ಕೆ ಮೆಲ್ಲಗೆ ತಟ್ಟಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ಒಳಗೆ ಸವೆದದ್ದು ಡಬ್ ಅನ್ನುತ್ತದೆ. ಡಿಕ್ಕಿಯ ಕಾರ್ಪೆಟ್ ತೆಗೆದು ಸ್ಟೆಪ್ನಿ ಇಡುವ ಗುಂಡಿ ನೋಡಿ. ಬ್ಯಾಟರಿ ಎತ್ತಿಸಿ ಅದರ ಕೆಳಗಿನ ತಟ್ಟೆ ನೋಡಿ. ಮಾರುವವರು "ಸುಮ್ನೆ ಯಾಕೆ ಅದೆಲ್ಲ" ಅಂದರೆ ಬೇರೆ ಕಾರು ಹುಡುಕಿ. ತಳಕ್ಕೆ ಹೊಸದಾಗಿ ಕಪ್ಪು ಬಳಿದ ಕಾರು ಕಂಡರೆ ನಾನಂತೂ ಈಗ ಇನ್ನೂ ಹತ್ತು ನಿಮಿಷ ಜಾಸ್ತಿ ಹುಡುಕುತ್ತೇನೆ.

ಎರಡು ಬೆಂಜ್: ಡಬ್ಲ್ಯೂ 123, ಡಬ್ಲ್ಯೂ 124

ನಮ್ಮ ಕಡೆ ನಿಜವಾಗಿ ಸಿಗುವ, ಓಡಿಸಬಹುದಾದ ಹಳೆ ಜರ್ಮನ್ ಕಾರು ಅಂದರೆ ಮುಖ್ಯವಾಗಿ ಇವೆರಡು. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಈ 'ಡಬ್ಲ್ಯೂ' ನಂಬರ್ ಅಂದರೆ ಒಂದೊಂದು ತಲೆಮಾರಿನ ಬೆಂಜ್‌ಗೆ ಕಂಪನಿ ಇಟ್ಟ ಗುರುತು. ನನ್ನ 240ಡಿ ಒಂದು 123. ಡಬ್ಲ್ಯೂ 123 ಮಾರುಕಟ್ಟೆಗೆ ಬಂದದ್ದು 1976ರ ಜನವರಿಯಲ್ಲಿ. ಹತ್ತು ವರ್ಷದಲ್ಲಿ ಹತ್ತಿರ ಹತ್ತಿರ 27 ಲಕ್ಷ ತಯಾರಾದವು. ಜರ್ಮನಿಯ ಟ್ಯಾಕ್ಸಿ ಇದೇ ಆಗಿತ್ತು, ಮೊರಾಕ್ಕೊದಲ್ಲಿ ಊರಿಂದೂರಿಗೆ ಹೋಗುವ ದೊಡ್ಡ ಟ್ಯಾಕ್ಸಿಯೂ ಇದೇ ಆಗಿತ್ತು. ನಮ್ಮಲ್ಲಿ ಹೆಚ್ಚು ಬೇಡಿಕೆ ಡೀಸೆಲ್‌ಗೆ. 200ಡಿ ಮತ್ತು 240ಡಿಯಲ್ಲಿ ನಾಲ್ಕು ಸಿಲಿಂಡರ್, 300ಡಿಯಲ್ಲಿ ಐದು. 200ಡಿಗೆ 60 ಕುದುರೆಶಕ್ತಿ ಕೂಡ ಕಷ್ಟದಲ್ಲಿ. ನನ್ನ 240ಡಿಗೆ 72. ಶಿರಾಡಿ ಹತ್ತುವಾಗ ಲಾರಿಯ ಹಿಂದೆ ತಾಳ್ಮೆಯಿಂದ ಇರಬೇಕು. ಆದರೆ ಆ ಸೀಟಿನಲ್ಲಿ ಕೂತು, ಆ ದೊಡ್ಡ ಸ್ಟೇರಿಂಗ್ ಹಿಡಿದು, ಬಾನೆಟ್ ತುದಿಯ ನಕ್ಷತ್ರ ನೋಡುತ್ತ ಹೋಗುವಾಗ ಅವಸರ ಅನ್ನುವುದೇ ಮರೆತುಹೋಗುತ್ತದೆ. ಬಾಗಿಲು ಹಾಕಿದಾಗ ಬರುವ ಆ ದಪ್ಪ ಸದ್ದು ಹೊಸ ಕಾರಿನಲ್ಲಿ ನನಗೆ ಸಿಕ್ಕಿಲ್ಲ.

ಇದರಲ್ಲಿ ಕಂಪ್ಯೂಟರ್ ಇಲ್ಲ. ಡೀಸೆಲ್ ಪಂಪ್ ಪೂರ್ತಿ ಮೆಕ್ಯಾನಿಕಲ್. ಇಂಜಿನ್ ನಿಲ್ಲಿಸುವುದು, ಬಾಗಿಲುಗಳ ಲಾಕ್ ಎಲ್ಲ ನಡೆಯುವುದು ಗಾಳಿ ಎಳೆಯುವ ವ್ಯಾಕ್ಯೂಮ್ ಪೈಪ್‌ಗಳ ಮೇಲೆ. ಎಲ್ಲೋ ಒಂದು ರಬ್ಬರ್ ಬಿರುಕು ಬಿಟ್ಟರೆ ಕೀ ತೆಗೆದರೂ ಇಂಜಿನ್ ಓಡುತ್ತಲೇ ಇರುತ್ತದೆ! ಆಗ ಬಾನೆಟ್ ಎತ್ತಿ ಪಂಪ್ ಮೇಲಿನ 'ಸ್ಟಾಪ್' ಲಿವರ್ ಒತ್ತಬೇಕು. ಮೊದಲ ಸಲ ಹಂಪನಕಟ್ಟೆಯಲ್ಲಿ ಹೀಗಾದಾಗ ನನಗೆ ಗಾಬರಿಯಾಗಿತ್ತು. ಕಾರಣ ಒಂದು ಸಣ್ಣ ರಬ್ಬರ್ ತುಂಡು. 80ರ ಮೊದಲಿನ ಕಾರುಗಳಲ್ಲಿ ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗಲು ಬಿಸಿ ಕೊಡುವ ಹೀಟರ್ ಪ್ಲಗ್‌ಗಳು ದೀಪಾವಳಿಯ ಬಲ್ಬಿನ ಸರದ ಹಾಗೆ ಒಂದಕ್ಕೊಂದು ಸೇರಿರುತ್ತವೆ. ಒಂದು ಹೋದರೆ ಎಲ್ಲವೂ ಹೋಗುತ್ತವೆ. ನಂತರದವುಗಳಲ್ಲಿ ಆ ತೊಂದರೆ ಇಲ್ಲ. ಟ್ಯಾಪೆಟ್, ಅಂದರೆ ವಾಲ್ವ್‌ಗಳ ಸಣ್ಣ ಅಂತರವನ್ನು ಮಾತ್ರ ಸುಮಾರು 24,000 ಕಿ.ಮೀ.ಗೊಮ್ಮೆ ಕೈಯಲ್ಲಿ ಸೆಟ್ ಮಾಡಿಸಬೇಕು. ಮಾಡಿಸದೆ ಬಿಟ್ಟರೆ ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ ಮಾಡುತ್ತದೆ, ಜನ ಅದನ್ನು ಇಂಜಿನ್ ಹೋಯಿತು ಅಂದುಕೊಳ್ಳುತ್ತಾರೆ.

ಡಬ್ಲ್ಯೂ 124 ಇದರ ಮುಂದಿನ ತಲೆಮಾರು. ಜರ್ಮನಿಯಲ್ಲಿ 80ರ ದಶಕದ ಮಧ್ಯದಲ್ಲಿ ಬಂತು. ನಮಗೆ ಮುಖ್ಯವಾದದ್ದು 1995. ಆ ವರ್ಷದಿಂದ ಪುಣೆಯಲ್ಲಿ, ಟೆಲ್ಕೊ (ಈಗಿನ ಟಾಟಾ ಮೋಟರ್ಸ್) ಕಾರ್ಖಾನೆಯ ಆವರಣದಲ್ಲೇ, ಈ ಕಾರಿನ ಜೋಡಣೆ ಶುರುವಾಯಿತು. ಇ220 ಪೆಟ್ರೋಲ್ ಮತ್ತು ಇ250 ಡೀಸೆಲ್. ಭಾರತದಲ್ಲಿ ತಯಾರಾದ ಮೊದಲ ಬೆಂಜ್ ಕಾರು ಇದು. ಬಲಗಡೆ ಸ್ಟೇರಿಂಗ್, ಇಲ್ಲಿನದ್ದೇ ನೋಂದಣಿ, ಕಸ್ಟಮ್ಸ್ ಕಾಗದದ ಗೋಜಿಲ್ಲ. ಕೊಳ್ಳುವವರು ಈ ಕೊನೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಕಾಗದದ ಭಾಗದಲ್ಲಿ ಯಾಕೆಂದು ಹೇಳುತ್ತೇನೆ.

ಓಡಿಸಲು 124 ಎಷ್ಟೋ ಉತ್ತಮ. ಉಡುಪಿಯಿಂದ ಮಂಗಳೂರಿಗೆ ಹೆದ್ದಾರಿಯಲ್ಲಿ ಇವತ್ತಿನ ಕಾರುಗಳ ಜೊತೆ ಸಲೀಸಾಗಿ ಹೋಗುತ್ತದೆ. 250 ಡೀಸೆಲ್‌ನ ಐದು ಸಿಲಿಂಡರ್ ಇಂಜಿನ್‌ಗೆ ಟ್ಯಾಪೆಟ್ ಸೆಟ್ಟಿಂಗ್ ಬೇಡ, ಅದು ತಾನೇ ಸರಿಹೊಂದಿಸಿಕೊಳ್ಳುತ್ತದೆ. ಎರಡು ತಲೆಮಾರಿನ ಈ ಇಂಜಿನ್‌ಗಳಲ್ಲೂ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್‌ಗೆ ಇರುವುದು ಚೈನ್, ಬೆಲ್ಟ್ ಅಲ್ಲ. ಗಾಜಿನ ಮೇಲೆ ಒಂದೇ ವೈಪರ್, ಅದು ಉದ್ದವಾಗಿ ಚಿಕ್ಕದಾಗಿ ಚಲಿಸುತ್ತ ಮೂಲೆ ಮೂಲೆ ಒರೆಸುತ್ತದೆ. ನಮ್ಮ ಜುಲೈ ಮಳೆಯಲ್ಲಿ ಅದನ್ನು ನೋಡುವುದೇ ಒಂದು ಸಂತೋಷ. ಅದರೊಳಗಿನ ಗೇರ್‌ಗೆ ಮಾತ್ರ ಗ್ರೀಸ್ ಬೇಕು, ಒಣಗಿ ಹಾಳಾದರೆ ಖರ್ಚು ಜಾಸ್ತಿ.

124ರ ದೋಷಗಳು ಎರಡು ಕಡೆ. ಒಂದು, ಇ220 ಪೆಟ್ರೋಲ್‌ನ ವಯರಿಂಗ್. 90ರ ದಶಕದ ಮೊದಲ ಭಾಗದಲ್ಲಿ ಮರ್ಸಿಡಿಸ್ ಬಳಸಿದ ವಯರ್‌ಗಳ ಮೇಲಿನ ಹೊದಿಕೆ ಇಂಜಿನ್‌ನ ಬಿಸಿಗೆ ಹಪ್ಪಳದಂತೆ ಪುಡಿಯಾಗುತ್ತದೆ. ಬಾನೆಟ್ ಎತ್ತಿ ಇಂಜಿನ್ ಮೇಲಿನ ಒಂದು ವಯರನ್ನು ಮೆಲ್ಲಗೆ ಬಾಗಿಸಿ ನೋಡಿ. ಬಿರುಕು ಬಿಟ್ಟರೆ ಪೂರ್ತಿ ವಯರಿಂಗ್ ಬದಲಿಸುವ ಲೆಕ್ಕವನ್ನು ಬೆಲೆಯಿಂದ ಕಳೆಯಿರಿ. ಡೀಸೆಲ್‌ನಲ್ಲಿ ಈ ತಲೆನೋವು ಕಡಿಮೆ. ಎರಡು, ಎಸಿ. ಒಳಗಿನ ಕೂಲಿಂಗ್ ಕಾಯಿಲ್ ಸೋರಿದರೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು. ಏಪ್ರಿಲ್‌ನಲ್ಲಿ ಎಸಿ ಇಲ್ಲದೆ ಮಂಗಳೂರಿನಲ್ಲಿ ಓಡಿಸಲು ಆಗುವುದಿಲ್ಲ, ಅಲ್ವಾ? "ಗ್ಯಾಸ್ ಹಾಕಿದ್ರೆ ಸರಿಯಾಗ್ತದೆ" ಅಂದರೆ ಮೊದಲು ಅವರೇ ಗ್ಯಾಸ್ ಹಾಕಿಸಿ ಹದಿನೈದು ದಿನ ಬಿಟ್ಟು ತೋರಿಸಲಿ. ತುಕ್ಕು ಹುಡುಕಬೇಕಾದದ್ದು ಬದಿಯ ಪ್ಲಾಸ್ಟಿಕ್ ಪಟ್ಟಿಗಳ ಹಿಂದೆ ಮತ್ತು ಜಾಕ್ ಜಾಗದ ಮುಚ್ಚಳಗಳ ಒಳಗೆ. ಹೊರಗಿಂದ ಏನೂ ಕಾಣದು.

ಬೆಲೆಯ ದೃಷ್ಟಿಯಲ್ಲಿ 123 ಈಗಾಗಲೇ ಮೇಲೆ ಹೋಗಿದೆ. ಅದರ ರೂಪ, ಕ್ರೋಮ್, ವಯಸ್ಸು ಎಲ್ಲ ಸೇರಿ ಜನ ಅದನ್ನು ಕ್ಲಾಸಿಕ್ ಅಂತಲೇ ನೋಡುತ್ತಾರೆ. 124 ಇನ್ನೂ ಹಲವರ ಕಣ್ಣಿಗೆ ಬರೀ ಹಳೆ ಕಾರು. ಚೆನ್ನಾಗಿ ಇಟ್ಟ 250 ಡೀಸೆಲ್‌ಗೆ ಇನ್ನೂ ಏರಲು ಜಾಗ ಇದೆ ಅನ್ನುವುದು ನನ್ನ ಅಭಿಪ್ರಾಯ. 123 ಇಟ್ಟುಕೊಂಡವನಾಗಿ ಹೇಳುತ್ತಿದ್ದೇನೆ: ಮೊದಲ ಸಲ ಕೊಳ್ಳುವವರು 124ನ್ನೇ ನೋಡಿ.

ಬೀಟಲ್

ಬೀಟಲ್ ಬೇರೆಯೇ ಪ್ರೀತಿ. 2003ರ ಜುಲೈನಲ್ಲಿ ಮೆಕ್ಸಿಕೊದಲ್ಲಿ ಕೊನೆಯದು ಹೊರಬರುವ ಹೊತ್ತಿಗೆ 2.15 ಕೋಟಿ ತಯಾರಾಗಿದ್ದವು. ಹಾಗಾಗಿ ಬಿಡಿಭಾಗಕ್ಕೆ ಬರ ಇಲ್ಲ. ಹೊಸ ಮಡ್‌ಗಾರ್ಡ್, ಹೊಸ ಫ್ಲೋರ್, ಕಾರ್ಬುರೇಟರ್ ಕಿಟ್ ಎಲ್ಲ ಇವತ್ತಿಗೂ ತಯಾರಾಗುತ್ತವೆ. ಕೈಗೆ ಗ್ರೀಸ್ ಹತ್ತಿಸಿಕೊಂಡು ಭಾನುವಾರ ಕಳೆಯುವ ಆಸೆ ಇದ್ದವರಿಗೆ ಇದಕ್ಕಿಂತ ಒಳ್ಳೆ ಗುರು ಇಲ್ಲ. ನಾಲ್ಕು ಬೋಲ್ಟ್ ಬಿಚ್ಚಿದರೆ ಇಂಜಿನ್ ಕೆಳಗಿಳಿಯುತ್ತದೆ.

ಇದಕ್ಕೆ ರೇಡಿಯೇಟರ್ ಇಲ್ಲ. ಹಿಂದಿರುವ ಇಂಜಿನ್ ಗಾಳಿ ಮತ್ತು ಎರಡೂವರೆ ಲೀಟರ್ ಆಯಿಲ್‌ನಿಂದ ತಣಿಯಬೇಕು. ಚಾರ್ಜಿಂಗ್ ಡೈನಮೊ ಮತ್ತು ತಣಿಸುವ ಫ್ಯಾನ್ ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟ್. ಓಡಿಸುವಾಗ ಮೀಟರಿನಲ್ಲಿ ಕೆಂಪು ದೀಪ ಹತ್ತಿತು ಅಂದರೆ ಬ್ಯಾಟರಿ ವಿಷಯ ಅಂತ ಮನೆವರೆಗೆ ಓಡಿಸಬೇಡಿ. ಬೆಲ್ಟ್ ಕಡಿದಿರಬಹುದು, ಐದು ನಿಮಿಷದಲ್ಲಿ ಇಂಜಿನ್ ಸುಡುತ್ತದೆ. ಅಲ್ಲೇ ನಿಲ್ಲಿಸಿ. ಇಂಜಿನ್ ಸುತ್ತಲಿನ ತಗಡಿನ ಮುಚ್ಚಳಗಳು ಮತ್ತು ರಬ್ಬರ್ ಅಂಚು ಎಲ್ಲ ಜಾಗದಲ್ಲಿರಬೇಕು. ಎಷ್ಟೋ ಕಾರುಗಳಲ್ಲಿ "ಗಾಳಿ ಆಡಲಿ" ಅಂತ ಅದನ್ನು ತೆಗೆದುಹಾಕಿರುತ್ತಾರೆ. ಆಗ ಬಿಸಿ ಗಾಳಿಯೇ ಮತ್ತೆ ಒಳಗೆ ಹೋಗುತ್ತದೆ. ಪೆಟ್ರೋಲ್ ಪೈಪ್ ಬಿಸಿ ಇಂಜಿನ್ ಮೇಲೆಯೇ ಹಾದುಹೋಗುವುದರಿಂದ ಕಾರು ಮನೆಗೆ ಬಂದ ದಿನವೇ ಅದನ್ನು ಬದಲಿಸಿ. 1967ರ ಮಾಡೆಲ್‌ಗಿಂತ ಹಳೆಯವು ಸಾಮಾನ್ಯವಾಗಿ 6 ವೋಲ್ಟ್‌ನವು. ರಾತ್ರಿ ಮಳೆಯಲ್ಲಿ ಆ ಹೆಡ್‌ಲೈಟ್ ಸಾಲದು, ನಮ್ಮ ಕಡೆಗೆ 12 ವೋಲ್ಟ್‌ನದ್ದೇ ಸರಿ. ಬ್ಯಾಟರಿ ಇರುವುದು ಹಿಂದಿನ ಸೀಟಿನ ಕೆಳಗೆ, ಸೀಟು ಎತ್ತಿ ನೋಡಿ. ಫ್ಲೋರ್ ಮೊದಲು ಕರಗುವುದು ಅಲ್ಲೇ.

ಪೆಟ್ರೋಲ್ ಕಾರುಗಳಿಗೆಲ್ಲ ಸೇರುವ ಒಂದು ಮಾತು: ಈಗ ಪಂಪ್‌ನಲ್ಲಿ ಸಿಗುವುದು 20 ಶೇಕಡಾ ಎಥೆನಾಲ್ ಸೇರಿದ ಪೆಟ್ರೋಲ್. ಹಳೆ ರಬ್ಬರ್ ಪೈಪ್, ವಾಷರ್‌ಗಳನ್ನು ಅದು ಮೆತ್ತಗೆ ಮಾಡುತ್ತದೆ. ಎಥೆನಾಲ್ ತೇವವನ್ನೂ ಹೀರುತ್ತದೆ, ಟ್ಯಾಂಕ್ ಒಳಗೆ ತುಕ್ಕು ಬರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿಗೆ ಇದು ಸಣ್ಣ ವಿಷಯ ಅಲ್ಲ. ಪೈಪ್‌ಗಳನ್ನು ಎಥೆನಾಲ್ ತಾಳುವ ಹೊಸ ಜಾತಿಗೆ ಬದಲಿಸಿಕೊಳ್ಳಿ.

ಬಿಎಂಡಬ್ಲ್ಯೂ ಮತ್ತು ಉಳಿದವು

ಓಡಿಸುವ ಖುಷಿಯೇ ಮುಖ್ಯ ಅಂದರೆ 3 ಸೀರೀಸ್‌ಗೆ ಸಾಟಿ ಇಲ್ಲ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಇ36 (3 ಸೀರೀಸ್‌ನ 90ರ ದಶಕದ ತಲೆಮಾರು) ಒಂದನ್ನು ಗೆಳೆಯನ ಪಕ್ಕ ಕೂತು ಅನುಭವಿಸಿದ್ದೇನೆ, ಆ ಸ್ಟೇರಿಂಗ್‌ನ ಹಿಡಿತ ಬೆಂಜ್‌ನಲ್ಲಿ ಇಲ್ಲವೇ ಇಲ್ಲ. ಹೊರದೇಶದಲ್ಲಿ ಅದಕ್ಕಿಂತ ಹಿಂದಿನ ತಲೆಮಾರು ಇ30ರ ರೇಸಿನ ತಳಿ ಎಂ3ಯ ಬೆಲೆ ಆಕಾಶಕ್ಕೆ ಹೋಗಿ, ಸಾಮಾನ್ಯ ಇ30ಗಳನ್ನೂ ಜೊತೆಗೆ ಎಳೆದುಕೊಂಡು ಹೋಯಿತು. ಆದರೆ ಬಿಎಂಡಬ್ಲ್ಯೂ ಭಾರತದಲ್ಲಿ, ಚೆನ್ನೈ ಬಳಿ, ಕಾರು ಜೋಡಿಸಲು ಶುರುಮಾಡಿದ್ದು 2007ರಲ್ಲಿ. ಅದಕ್ಕಿಂತ ಹಳೆಯವೆಲ್ಲ ಆಮದಿನವು, ಸಂಖ್ಯೆ ಕಡಿಮೆ, ನಮ್ಮೂರಿನಲ್ಲಿ ಕೈಯಾಡಿಸಿದ ಮೆಕ್ಯಾನಿಕ್‌ಗಳೂ ಕಡಿಮೆ. ಇ30ರ ಆರು ಸಿಲಿಂಡರ್ ಇಂಜಿನ್‌ನ ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅನ್ನುವ ಬಿಲ್ ಇಲ್ಲದಿದ್ದರೆ ಕೊಂಡ ದಿನವೇ ಬದಲಿಸಿ, ಕಡಿದರೆ ವಾಲ್ವ್ ಬಾಗುತ್ತದೆ. ಇ36ರಲ್ಲಿ ರೇಡಿಯೇಟರ್‌ನ ಮೂತಿ, ನೀರಿನ ಡಬ್ಬ ಎಲ್ಲ ಪ್ಲಾಸ್ಟಿಕ್. ವಯಸ್ಸಾದ ಮೇಲೆ ಮಂಗಳೂರಿನ ಪಂಪ್‌ವೆಲ್ ವೃತ್ತದ ಟ್ರಾಫಿಕ್ಕಿನಲ್ಲಿ ಒಡೆಯುತ್ತವೆ. ಎರಡನೇ ಕಾರಾಗಿ ಸರಿ, ಮೊದಲನೆಯದಾಗಿ ಬೇಡ.

ಬೆಂಜ್ 190 ಸಣ್ಣದು, ಗಟ್ಟಿ, ನನಗೆ ಇಷ್ಟ. ಸಿಕ್ಕರೆ ಬಿಡಬೇಡಿ, ಆದರೆ ನಮ್ಮ ಕಡೆ ಸಿಗುವುದು ಅಪರೂಪ. ಆಡಿ 80ಗೆ 1986ರಿಂದ ಪೂರ್ತಿ ಸತುವು ಲೇಪಿಸಿದ ಬಾಡಿ. ತುಕ್ಕಿನ ಮಟ್ಟಿಗೆ ನಮ್ಮ ಹವೆಗೆ ಹೇಳಿ ಮಾಡಿಸಿದ್ದು. ಬಿಡಿಭಾಗ ಮಾತ್ರ ಇಲ್ಲಿ ಸಿಗುವುದಿಲ್ಲ. ಬೆಂಜ್‌ನ ಎಷ್ಟೋ ಭಾಗ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದಲ್ಲಿ ಹುಡುಕಿದರೆ ಸಿಗುತ್ತದೆ, ಇಲ್ಲದಿದ್ದರೆ ಕಂಪನಿಯೇ ಹಳೆ ಕಾರುಗಳಿಗೆಂದು ಇಟ್ಟ ವಿಭಾಗದಿಂದ ತರಿಸಬಹುದು. ಪೋರ್ಷೆಯ ಮಾತು ಇಲ್ಲಿ ಬೇಡ, ಆ ಬೆಲೆಯಲ್ಲಿ ಕೊಳ್ಳುವವರಿಗೆ ಈ ಬರಹದ ಅಗತ್ಯ ಇಲ್ಲ.

ಕಾಗದ

15 ವರ್ಷ ತುಂಬಿದ ಖಾಸಗಿ ಕಾರಿನ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕ ಏರಿಸಿತು. ಇಲ್ಲಿ ತಯಾರಾದ ಕಾರಿಗೆ 10,000 ರೂಪಾಯಿ. ಆಮದು ಮಾಡಿದ ಕಾರಿಗೆ 80,000. ತೆರಿಗೆ ಬೇರೆ. ಪುಣೆಯ 124ಕ್ಕೂ ಮಾವ ಕೊಟ್ಟ 123ಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಕೊಳ್ಳುವಾಗಲೇ ಆರ್‌ಸಿ ಯಾವಾಗ ಮುಗಿಯುತ್ತದೆ ನೋಡಿ. ಮೂರು ತಿಂಗಳಲ್ಲಿ ಮುಗಿಯುವ ಆಮದು ಕಾರು ಅಂದರೆ ಆ 80,000 ನಿಮ್ಮ ತಲೆಗೆ ಬಂತು. ಆಮದು ಕಾರಾದರೆ ಕಸ್ಟಮ್ಸ್ ಕಟ್ಟಿದ ಕಾಗದ ಇರಲೇಬೇಕು. ಚಾಸಿ ನಂಬರ್ ಮತ್ತು ಇಂಜಿನ್ ನಂಬರನ್ನು ನೀವೇ ಬಗ್ಗಿ ಓದಿ ಆರ್‌ಸಿ ಜೊತೆ ತಾಳೆ ನೋಡಿ.

50 ವರ್ಷ ದಾಟಿದ ಕಾರಿಗೆ 2021ರಿಂದ 'ವಿಎ' ಸರಣಿಯ ವಿಂಟೇಜ್ ನೋಂದಣಿ ಇದೆ. 20,000 ರೂಪಾಯಿ, ಹತ್ತು ವರ್ಷಕ್ಕೆ. ಹಳೆ ಬೀಟಲ್‌ಗೆ ಇದು ಆಗುತ್ತದೆ, 123ರಲ್ಲಿ ಮೊದಲಿನವೂ ಆ ಗೆರೆಗೆ ಬಂದಿವೆ. ಆದರೆ ವಿಎ ನಂಬರಿನ ಕಾರನ್ನು ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ. ಮಕ್ಕಳನ್ನು ಕೂರಿಸಿಕೊಂಡು ಮಲ್ಪೆ ಬೀಚಿಗೆ ಹೋಗುವ ಆಸೆ ಇದ್ದರೆ ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಳ್ಳಿ.

ದೆಹಲಿ ಸುತ್ತ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಕಾರಿಗೆ ನಿರ್ಬಂಧ ಬಂದ ಮೇಲೆ ಅಲ್ಲಿನ ಕಾರುಗಳು ದಕ್ಷಿಣಕ್ಕೆ ಬಂದವು. ಒಣ ಹವೆಯ ಕಾರು, ತಳ ಗಟ್ಟಿ ಇರುತ್ತದೆ. ಡ್ಯಾಶ್‌ಬೋರ್ಡ್, ರಬ್ಬರ್ ಬಿಸಿಲಿಗೆ ಬಿರಿದಿರುತ್ತವೆ, ಅದು ಪರವಾಗಿಲ್ಲ. ಆದರೆ ಜೀವಂತ ಆರ್‌ಸಿ, ಅಲ್ಲಿನ ಆರ್‌ಟಿಒದ ಎನ್‌ಒಸಿ ಕೈಗೆ ಬಂದ ಮೇಲೆಯೇ ದುಡ್ಡು. ಇಲ್ಲಿ ಕೆಎ 19 ಅಥವಾ ಕೆಎ 20 ನಂಬರ್ ಬೇಕಾದರೆ ಕರ್ನಾಟಕದ ತೆರಿಗೆಯೂ ಕಟ್ಟಬೇಕು. ಇನ್ಶೂರೆನ್ಸ್‌ನಲ್ಲಿ, ಐದು ವರ್ಷ ದಾಟಿದ ಕಾರಿನ ಮೌಲ್ಯ ನೀವೂ ಕಂಪನಿಯವರೂ ಮಾತಾಡಿ ಒಪ್ಪಿಕೊಳ್ಳುವಂಥದ್ದು. ಫೋಟೊ, ಬಿಲ್ ಇಟ್ಟು ಮಾತಾಡಿ, ಸುಮ್ನೆ ಅವರು ಬರೆದ ಅಂಕಿಗೆ ಸಹಿ ಹಾಕಬೇಡಿ.

ಮಳೆಗಾಲದಲ್ಲಿ ಎಲ್ಲಿ ಇಡುತ್ತೀರಿ?

ಇದಕ್ಕೆ ಉತ್ತರ ಇಲ್ಲದಿದ್ದರೆ ಕಾರು ಆರಿಸುವ ಮೊದಲು ಶೆಡ್ ಕಟ್ಟಿಸಿ. ಗಾಳಿ ಆಡುವ, ಸಿಮೆಂಟ್ ನೆಲದ ಶೆಡ್. ಮುರಕಲ್ಲಿನ ಅಂಗಳದಲ್ಲಿ ಕಾರು ನಿಲ್ಲಿಸಿ ಮೇಲೆ ಪ್ಲಾಸ್ಟಿಕ್ ಹೊದಿಸಿದರೆ ನೆಲದ ತೇವ ಕೆಳಗಿಂದ ಏರಿ, ಹೊದಿಕೆಯೊಳಗೇ ಬೆವರಿ, ಆಗಸ್ಟ್‌ಗೆ ಬಾಗಿಲ ಅಂಚುಗಳಲ್ಲಿ ಕಂದು ಗೆರೆ ಮೂಡುತ್ತದೆ. ಬಾನೆಟ್ ಹಿಂಜಿನ ಹತ್ತಿರ, ಬಾಗಿಲ ಕೆಳಗೆ, ಸನ್‌ರೂಫ್ ಇದ್ದರೆ ಅದರ ಮೂಲೆಗಳಲ್ಲಿ ನೀರು ಇಳಿಯುವ ಸಣ್ಣ ತೂತುಗಳಿರುತ್ತವೆ. ಮಾವಿನ, ಹಲಸಿನ ಎಲೆ ಕೊಳೆತು ಅವು ಮುಚ್ಚಿಹೋಗುತ್ತವೆ. ಮೇ ಕೊನೆಯಲ್ಲಿ ಹಿಡಿಸೂಡಿಯ ಒಂದು ಕಡ್ಡಿ ತೆಗೆದುಕೊಂಡು ಎಲ್ಲ ತೂತು ಬಿಡಿಸುತ್ತೇನೆ. ಲೋಹದ ಕಂಬಿಗಿಂತ ಅದೇ ಒಳ್ಳೆಯದು, ಪೇಂಟ್ ಗೀರುವುದಿಲ್ಲ. ವಾರಕ್ಕೊಮ್ಮೆ ಹತ್ತು ಕಿ.ಮೀ. ಓಡಿಸುತ್ತೇನೆ. ಬೀಚ್ ಕಡೆ ಹೋಗಿ ಬಂದರೆ ಅದೇ ದಿನ ತಳಕ್ಕೆ ಸಿಹಿ ನೀರು ಹೊಡೆಯುತ್ತೇನೆ.

ನೋಡಲು ಹೋಗುವ ದಿನ

ಮನೆಯಲ್ಲೇ ಒಂದು ಹಳೆ 123 ಇದ್ದರೆ, ಅಪ್ಪನದ್ದೋ ದೊಡ್ಡಪ್ಪನದ್ದೋ, ಅದರ ತಳ ಗಟ್ಟಿ ಇದ್ದರೆ, ಹೊಸದು ಹುಡುಕಬೇಡಿ. ಅದನ್ನೇ ಎಬ್ಬಿಸಿ. ಮೊದಲಿನಿಂದ ಒಂದೇ ಮನೆಯಲ್ಲಿದ್ದ ಕಾರಿಗೆ ಮಾರುಕಟ್ಟೆಯಲ್ಲೂ ಬೆಲೆ ಜಾಸ್ತಿ. ಹಳೆ ಕಾರನ್ನು ಹೇಗೆ ಇಡುತ್ತಾರೆ ಅಂತ ನೋಡಬೇಕಾದರೆ ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂನ ಕಾರುಗಳ ಸಂಗ್ರಹವನ್ನು ಒಮ್ಮೆ ನಿಧಾನವಾಗಿ ನೋಡಿ ಬನ್ನಿ.

ಕೊಳ್ಳುವುದೇ ಆದರೆ ಬೆಳಿಗ್ಗೆ ಏಳಕ್ಕೆ ಹೋಗಿ. ಹಿಂದಿನ ರಾತ್ರಿಯೇ ಫೋನ್ ಮಾಡಿ "ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ. ಹಳೆ ಡೀಸೆಲ್‌ನ ನಿಜ ಗೊತ್ತಾಗುವುದು ತಣ್ಣಗಿನ ಇಂಜಿನ್‌ನ ಮೊದಲ ಅರ್ಧ ನಿಮಿಷದಲ್ಲಿ. ಎಷ್ಟು ಸೆಲ್ಫ್ ಹೊಡೆಯಬೇಕಾಯಿತು, ಹೊಗೆ ಬಿಳಿಯೋ ನೀಲಿಯೋ, ಎಲ್ಲ ಸಿಲಿಂಡರ್ ಒಟ್ಟಿಗೆ ಹಿಡಿದವೋ ಇಲ್ಲವೋ. ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಅಲ್ಲೇ ಸಡಿಲ ಇಡಿ. ಸಣ್ಣಗೆ ಕುಣಿದರೆ ಚಿಂತೆ ಇಲ್ಲ, ಹಾರಿ ಬಿದ್ದರೆ ರಿಂಗ್ ಸವೆದಿದೆ. ಇದೆಲ್ಲಕ್ಕೂ ಮೊದಲು, ಗೇಟಿನ ಒಳಗೆ ಹೋದ ಕೂಡಲೇ, ಮಾತಾಡುತ್ತ ಮಾತಾಡುತ್ತ ಬಾನೆಟ್ ಮೇಲೆ ಅಂಗೈ ಇಡಿ. ತಣ್ಣಗಿದ್ದರೆ ಕೀ ಕೇಳಿ. ಬೆಚ್ಚಗಿದ್ದರೆ ಚಹಾ ಕುಡಿದು, ನಾಳೆ ಬರುತ್ತೇವೆ ಅಂತ ಹೇಳಿ ಹೊರಡಿ.